ಎಂಜಿನ್ ಬಿಚ್ಚಿ ನೋಡಿದ ಮೇಲೆ



ಮಂಡ್ಯ, ಮದ್ದೂರು, ಮಳವಳ್ಳಿಯ ಜನರಿಗೆ ಕಬ್ಬಿನ ಲಾರಿ ಹೊಸತಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಈ ಕಡೆಯ ಎಷ್ಟೋ ಮನೆಗಳ ಅನ್ನ ಕಬ್ಬಿನಿಂದಲೇ ಬಂದಿದೆ. ಮದ್ದೂರಿನಿಂದ ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಹಳೆಯ ಲಾರಿಯೊಂದು ನೀಲಿ ಹೊಗೆ ಉಗುಳುತ್ತಾ ಏದುಸಿರು ಬಿಡುತ್ತಾ ಸಾಗುವುದನ್ನು ಕಂಡರೆ, ಅದರ ಹಿಂದೆ ಒಂದು ಸಂಸಾರದ ಚಿಂತೆಯೂ ಸಾಗುತ್ತಿದೆ ಎಂದು ತಿಳಿಯಿರಿ.

ಅಂಥ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ತಂದೆ ಹೇಳುತ್ತಾನೆ: "ಬೋರ್ ಮಾಡಿಸೋಣ. ನಮಗೆ ಅನ್ನ ಹಾಕಿದ ಗಾಡಿ ಇದು." ಮಗ ಒಪ್ಪುವುದಿಲ್ಲ: "ಇನ್ನೆಷ್ಟು ದುಡ್ಡು ಸುರಿಯೋದು? ಬೇರೆ ಎಂಜಿನ್ನೇ ಕೂರಿಸೋಣ." ಏನೇ ಆದರೂ ಬ್ಯಾಂಕಿಗೆ ಹೋಗುವುದು ತನ್ನ ಕೊರಳಿನ ಸರವೇ ಎಂದು ತಾಯಿಗೆ ಗೊತ್ತು. ರಾತ್ರಿ ಊಟಕ್ಕೆ ಕುಳಿತರೆ ಯಾರಿಗೂ ಮಾತಿಲ್ಲ.

ಒಳ್ಳೆಯ ಮೆಕ್ಯಾನಿಕ್ ಈ ಜಗಳದಲ್ಲಿ ಯಾರ ಪರವನ್ನೂ ವಹಿಸುವುದಿಲ್ಲ. ಮೊದಲು ಬಿಚ್ಚುತ್ತಾನೆ. ಹೆಡ್ ಇಳಿಸಿ, ಚೇಂಬರ್ ತೆಗೆದು, ಸವೆತವನ್ನು ಅಳೆಯುತ್ತಾನೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಸವೆದಿದ್ದರೆ ಬದಲಾಯಿಸಬಹುದು. ಕ್ರ್ಯಾಂಕನ್ನು ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಅಳತೆಯ ಬೇರಿಂಗ್ ಹಾಕಬಹುದು. ಆದರೆ ಗ್ರೈಂಡಿಂಗಿಗೂ ಮಿತಿಯುಂಟು. ಕ್ರ್ಯಾಂಕನ್ನೇ ಬದಲಾಯಿಸಬೇಕಾದರೆ ಖರ್ಚಿನ ಲೆಕ್ಕವೇ ಬೇರೆ. ಇನ್ನು ಬ್ಲಾಕೇ ಬಿರುಕು ಬಿಟ್ಟಿದ್ದರೆ ಅದಕ್ಕೆ ಹಣ ಸುರಿಯುವುದು ಜಾಣತನವಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲವೇ (ಲೂಕ 14:28)? ಲೆಕ್ಕ ಹಾಕುವುದು ವಿಶ್ವಾಸದ ಕೊರತೆಯಲ್ಲ.

ಇಲ್ಲಿ ಎರಡು ಶೋಧನೆಗಳು ಕಾದಿರುತ್ತವೆ. ಗಟ್ಟಿ ಎಣ್ಣೆ ಹಾಕಿ, ನಾಲ್ಕು ದಿನ ಹೊಗೆ ಮರೆಮಾಚಿ, ವಿಷಯ ತಿಳಿಯದ ಬಡಪಾಯಿಗೆ ಲಾರಿ ಕಟ್ಟಿಬಿಡುವುದು ಒಂದು. ಎಲ್ಲಿಂದ ಬಂತೆಂದು ಕೇಳದೆ ಕಾಗದಪತ್ರವಿಲ್ಲದ ಎಂಜಿನ್ ಅಗ್ಗಕ್ಕೆ ತರುವುದು ಇನ್ನೊಂದು. ಬೇರೆ ಎಂಜಿನ್ ಕೂರಿಸಿದರೆ ಅದರ ನಂಬರನ್ನು ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ಏರಿಸಬೇಕೆಂಬುದು ಕಾನೂನು. ಏಳನೆಯ ಕಟ್ಟಳೆ ಗ್ಯಾರೇಜಿನೊಳಗೂ ಕಟ್ಟಳೆಯೇ.

ಲೂಕನ ಶುಭಸಂದೇಶದಲ್ಲಿ (13:6-9) ಒಂದು ಅಂಜೂರದ ಮರವಿದೆ. ಮೂರು ವರ್ಷವಾದರೂ ಹಣ್ಣಿಲ್ಲ. ಕಡಿದುಹಾಕು ಎನ್ನುತ್ತಾನೆ ಯಜಮಾನ. ತೋಟಗಾರನು ಒಂದು ವರ್ಷದ ಅವಕಾಶ ಬೇಡುತ್ತಾನೆ. ಆದರೆ ಸುಮ್ಮನೆ ಬೇಡುವುದಿಲ್ಲ. ಬುಡ ಅಗೆದು ಗೊಬ್ಬರ ಹಾಕುವೆನೆಂದು ಮಾತು ಕೊಡುತ್ತಾನೆ. ಅವನ ಕರುಣೆಗೆ ಗುದ್ದಲಿಯಿದೆ, ಗೊಬ್ಬರವಿದೆ, ಗಡುವೂ ಇದೆ. ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಕೆಲವು ವರ್ಷ ನಿಂತಿದ್ದು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಹಳೆಯದೆಂದ ಮಾತ್ರಕ್ಕೆ ಮುಗಿದೇ ಹೋಯಿತೆಂದಲ್ಲ. ಆದರೆ ಅಗೆಯದೆ, ಗೊಬ್ಬರ ಹಾಕದೆ, ಬರೀ ಮಮತೆಯಿಂದ ಯಾವುದೂ ಚಿಗುರುವುದಿಲ್ಲ.

ಆ ಮನೆಯ ಮಗ ಕೊನೆಗೆ ತಂದೆಯನ್ನು ಕೇಳುತ್ತಾನೆ: "ಬೋರ್ ಆದ್ರೂ ಮಾಡ್ಸಪ್ಪ, ಹೊಸ ಎಂಜಿನ್ ಆದ್ರೂ ಹಾಕ್ಸು. ಟನ್ನುಗಟ್ಲೆ ಜಾಸ್ತಿ ತುಂಬೋದ ನೀನು ಬಿಡದಿದ್ರೆ ಎರಡೂ ಒಂದೇಯ." ತಂದೆಗೆ ಉತ್ತರ ತೋಚುವುದಿಲ್ಲ. ಎಂಜಿನ್ನನ್ನು ಕೊಂದದ್ದು ವಯಸ್ಸಲ್ಲ, ಓವರ್‌ಲೋಡು. ಸಮಯಕ್ಕೆ ನೋಡದ ಎಣ್ಣೆ, ನೀರು.

ಪ್ರಿಯರೇ, ನಮ್ಮ ಪಾಪನಿವೇದನೆಯೂ ಹೀಗೆಯೇ. ಹೊರಗಿನ ಬಣ್ಣ ಬಿಟ್ಟು ಒಳಗನ್ನು ಬಿಚ್ಚಿ ತೋರಿಸಬೇಕು. ಬೋರ್ ಆದ ಗಾಡಿಗೆ ಮೊದಲ ದಿನಗಳಲ್ಲಿ ಭಾರ ಕಡಿಮೆ ತುಂಬಿ ಮೆಲ್ಲಗೆ ಓಡಿಸುವಂತೆ, ಕ್ಷಮೆ ಪಡೆದವನೂ ಹಳೆಯ ಸಂಗ, ಹಳೆಯ ಚಟದ ಭಾರವನ್ನು ಮರುದಿನವೇ ಹೊರಬಾರದು.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಲಾರಿಗೆ ಬೇರೆ ಎಂಜಿನ್ ಸಿಕ್ಕೀತು. ಕೆಮ್ಮುತ್ತಾ ಮೂಲೆಯಲ್ಲಿ ಕುಳಿತ ಅಜ್ಜನಿಗೆ, ಕುಡಿತ ಬಿಡಲಾರದ ಮಗನಿಗೆ, ಮುನಿಸಿಕೊಂಡು ತವರಿಗೆ ಹೋದ ಸೊಸೆಗೆ ಬದಲಿ ಸಿಗುವುದಿಲ್ಲ. ಅಂಜೂರದ ಮರದ ಕಥೆಯಲ್ಲಿ ತೋಟಗಾರನು ಕಡಿಯುವ ಕೆಲಸವನ್ನು ಯಜಮಾನನಿಗೇ ಬಿಟ್ಟುಕೊಡುತ್ತಾನೆ. ಗುದ್ದಲಿ ನಮ್ಮ ಕೈಯಲ್ಲಿರಲಿ. ಕೊಡಲಿ ದೇವರ ಕೈಯಲ್ಲಿರಲಿ.

ಇಂದು ಸಂಜೆ ಮನೆಯ ಪ್ರಾರ್ಥನೆ ಮುಗಿದ ಮೇಲೆ ಒಂದು ಗಳಿಗೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಸಾಲದ ಲೆಕ್ಕವನ್ನು ಮನೆಯಾಕೆಯ ಮುಂದೆ ಬಿಚ್ಚಿಡಿ. ಮಗನ ಮಾತನ್ನು ಕೊನೆಯವರೆಗೂ ಕೇಳಿ. ದುಡಿಮೆಯ ಕಷ್ಟವನ್ನು ಬಲ್ಲ ಸಂತ ಜೋಸೆಫರು ನಿಮ್ಮ ಮನೆಗಾಗಿ ಪ್ರಾರ್ಥಿಸಲಿ. ಆಮೆನ್.