‘ಅವರಿಗೆ ಅಭ್ಯಾಸವಾಗಿಬಿಟ್ಟಿದೆ’

ಕಷ್ಟದ ಕೆಲಸ ಮಾಡುವವರ ಬಗ್ಗೆ ನಾವು ಸಲೀಸಾಗಿ ಆಡುವ ಮಾತೊಂದಿದೆ: ‘ಪಾಪ, ಅವರಿಗೆ ಅದು ಅಭ್ಯಾಸವಾಗಿಬಿಟ್ಟಿದೆ.’ ಬರಿಗೈಯಲ್ಲಿ ಹಸಿಕಸ, ಒಣಕಸ ಬೇರ್ಪಡಿಸುವ ಪೌರಕಾರ್ಮಿಕರನ್ನು ಮೂಗು ಮುಚ್ಚಿಕೊಂಡು ದಾಟಿಹೋಗುವಾಗ ಈ ಮಾತು ನಮ್ಮ ನೆರವಿಗೆ ಬರುತ್ತದೆ. ಕೇಳಲು ಕನಿಕರದ ಮಾತು. ಆದರೆ ಅದರೊಳಗೆ ಮನುಷ್ಯನ ಸಂವೇದನೆಯ ಬಗ್ಗೆ ಒಂದು ವಾದವಿದೆ: ದಿನವೂ ಅನುಭವಿಸುವವರಿಗೆ ಕಷ್ಟ ಅಷ್ಟಾಗಿ ತಟ್ಟುವುದಿಲ್ಲ. ಇದು ಎಷ್ಟು ನಿಜ?

ಸ್ವಲ್ಪ ಮಟ್ಟಿಗೆ ನಿಜ. ನಮ್ಮ ಇಂದ್ರಿಯಗಳು ಬದಲಾವಣೆಯನ್ನು ಚುರುಕಾಗಿ ಗುರುತಿಸುತ್ತವೆ, ಬದಲಾಗದೆ ಉಳಿದದ್ದನ್ನು ಮರೆಯುತ್ತವೆ. ಮನೋವಿಜ್ಞಾನ ಇದನ್ನು ಸಂವೇದನಾ ಹೊಂದಾಣಿಕೆ ಎನ್ನುತ್ತದೆ. ಹಚ್ಚಿಟ್ಟ ಊದುಬತ್ತಿಯ ಪರಿಮಳ ಸ್ವಲ್ಪ ಹೊತ್ತಿನಲ್ಲೇ ಮನೆಯವರಿಗೆ ತಿಳಿಯದಂತಾಗುತ್ತದೆ, ಆಗಷ್ಟೇ ಒಳಗೆ ಬಂದವರಿಗೆ ಘಮ್ಮೆನ್ನುತ್ತದೆ. ಒಂದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬೆಚ್ಚಗೆ ಅನ್ನಿಸಬಹುದು ಎಂಬುದನ್ನು 17ನೇ ಶತಮಾನದಲ್ಲೇ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಚರ್ಚಿಸಿದ್ದ. ಮೊದಲು ಒಂದು ಕೈಯನ್ನು ಬಿಸಿನೀರಿನಲ್ಲೂ ಮತ್ತೊಂದನ್ನು ತಣ್ಣೀರಿನಲ್ಲೂ ಇಟ್ಟು, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಅದ್ದಿದರೆ ಯಾರಿಗೂ ಇದು ಗೊತ್ತಾಗುತ್ತದೆ.

ಆದರೆ ಮೂಗು ಮರೆತ ಮಾತ್ರಕ್ಕೆ ಗಾಳಿ ಶುದ್ಧವಾಗುವುದಿಲ್ಲ. ಒಳಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಯ 10 ಲಕ್ಷ ಭಾಗಗಳಲ್ಲಿ 1ಕ್ಕಿಂತ ಕಡಿಮೆ ಇದ್ದರೂ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದೇ ಅನಿಲ ಸುಮಾರು 100 ಭಾಗಕ್ಕೆ ಏರಿದರೆ ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಮ್ಯಾನ್‌ಹೋಲಿಗೆ ಇಳಿದವನಿಗೆ ವಾಸನೆ ಹೋಯಿತು ಅನ್ನಿಸುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಹಾಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಸಾವುಗಳು ಮಾತ್ರ ನಿಂತಿಲ್ಲ.

ನೋವಿನ ವಿಷಯಕ್ಕೆ ಬಂದರೆ ಆ ವಾದ ಇನ್ನೂ ದುರ್ಬಲ. ವಾಸನೆಯಂತೆ ನೋವು ಸುಲಭಕ್ಕೆ ಮರೆಯಾಗುವುದಿಲ್ಲ. ಗಾಯದ ಸುತ್ತಲಿನ ನರಗಳು ಎಷ್ಟೋ ಸಲ ಮೊದಲಿಗಿಂತ ಸೂಕ್ಷ್ಮವಾಗುತ್ತವೆ. ಸುಟ್ಟ ಚರ್ಮಕ್ಕೆ ಉಗುರುಬೆಚ್ಚಗಿನ ನೀರೂ ಉರಿಯೇ. ವರ್ಷಗಟ್ಟಲೆ ಮೂಟೆ ಹೊತ್ತ ಸೊಂಟದಲ್ಲಿ ನೋವು ಹಾಗೇ ಉಳಿದಿರಬಹುದು, ಹೇಳಿ ಪ್ರಯೋಜನವಿಲ್ಲವೆಂದು ದೂರುವುದಷ್ಟೇ ನಿಂತಿರಬಹುದು. ಆ ಮೌನವನ್ನೇ ನಾವು ಅಭ್ಯಾಸ ಎಂದು ಓದಿಕೊಳ್ಳುತ್ತೇವೆ.

ಓದುಬರಹ ಬಲ್ಲವರು ಈ ತಪ್ಪಿನಿಂದ ಪಾರಾಗಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದ್ದ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ತರಬೇತಿ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿದ್ದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದು ಅಂದಾಜಿಸಿದರು, ಚಿಕಿತ್ಸೆ ಸೂಚಿಸುವಾಗಲೂ ಎಡವಿದರು. ನಮ್ಮಲ್ಲಿ ‘ಅವರ ಮೈ ಗಟ್ಟಿ’ ಎನ್ನುವಾಗ ಆ ‘ಅವರು’ ಯಾವ ಜಾತಿಯವರು, ಯಾವ ಕೇರಿಯವರು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು. ಮನುಷ್ಯ ಕಷ್ಟಕ್ಕೆ ಒಗ್ಗುವುದು ಸುಳ್ಳೇ? ದುಡಿದು ಗಟ್ಟಿಯಾದವರನ್ನು ಬರೀ ನೋವುಣ್ಣುವವರಂತೆ ಕಾಣುವುದೂ ಅವಮಾನವಲ್ಲವೇ? ಒಪ್ಪಬೇಕಾದ ಮಾತು. ಆದರೆ ತಾಳಿಕೊಳ್ಳುವ ಶಕ್ತಿ ಅವರು ಗಳಿಸಿದ್ದು. ಅದನ್ನು ತೋರಿಸಿ ಕೈಗವಸು ಕೊಡದಿರುವುದಕ್ಕೆ, ಕೂಲಿ ಹೆಚ್ಚಿಸದಿರುವುದಕ್ಕೆ ನಮಗೆ ಹಕ್ಕು ಹುಟ್ಟುವುದಿಲ್ಲ. ‘ನನಗೆ ಅಭ್ಯಾಸವಾಗಿದೆ’ ಎಂದು ಅವರೇ ಹೇಳುವುದಕ್ಕೂ ಅವರ ಪರವಾಗಿ ನಾವು ಹೇಳುವುದಕ್ಕೂ ಬಹಳ ಅಂತರವಿದೆ.

ಇಷ್ಟಕ್ಕೂ ದಿನವೂ ಅದೇ ದೃಶ್ಯ ನೋಡುತ್ತ ನೋಡುತ್ತ ಅದಕ್ಕೆ ಒಗ್ಗಿಹೋಗಿರುವವರು ದಾರಿಹೋಕರಾದ ನಾವೂ ಹೌದು. ಹೀಗೆ ಒಗ್ಗುವುದು ನಮ್ಮ ಇಚ್ಛೆಯನ್ನು ಕೇಳಿ ಆಗುವುದಲ್ಲ, ಅದಕ್ಕಾಗಿ ಯಾರನ್ನೂ ದೂಷಿಸಲಾಗದು. ಆದರೆ ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರೆ ಊದುಬತ್ತಿಯ ಪರಿಮಳ ಮತ್ತೆ ತಿಳಿಯುತ್ತದೆ. ಇನ್ನೊಬ್ಬರ ಕಷ್ಟದ ವಿಷಯದಲ್ಲಿ ಅಂಥ ದಾರಿಯೊಂದಿದೆ: ನಮ್ಮ ಊಹೆಯನ್ನು ಪಕ್ಕಕ್ಕಿಟ್ಟು ಅವರನ್ನೇ ಕೇಳುವುದು, ಅವರು ಹೇಳಿದ್ದನ್ನು ನಂಬುವುದು.