ತಾಗಿದೆ ಎಂದರೆ ಎಷ್ಟು ತಾಗಿದೆ?

ಎರಡು ವಸ್ತುಗಳು ಒಂದನ್ನೊಂದು ತಾಗುವುದನ್ನು ವೈಶೇಷಿಕರು ಸಂಯೋಗ ಎಂದು ಕರೆದು ಗುಣಗಳ ಸಾಲಿಗೆ ಸೇರಿಸಿದರು. ಬೇರೆಬೇರೆ ಇದ್ದ ದ್ರವ್ಯಗಳು ಕೂಡಿದಾಗ ಅದು ಹುಟ್ಟುತ್ತದೆ, ವಿಭಾಗವಾದಾಗ ಅಳಿಯುತ್ತದೆ. ಬಣ್ಣದಂಥ ಗುಣ ತನ್ನ ಆಶ್ರಯವನ್ನೆಲ್ಲ ತುಂಬಿಕೊಂಡಿದ್ದರೆ ಸಂಯೋಗದ ರೀತಿ ಬೇರೆ. ಇದಕ್ಕೆ ನೈಯಾಯಿಕರು ಕೊಡುವ ಮಾಮೂಲಿ ಉದಾಹರಣೆ ಮರದ ಮೇಲಿನ ಕೋತಿ. ಕೊಂಬೆಯ ಮಟ್ಟಿಗೆ ಮರಕ್ಕೂ ಕೋತಿಗೂ ಸಂಯೋಗ ಉಂಟು, ಬುಡದ ಮಟ್ಟಿಗೆ ಇಲ್ಲ. ಒಂದೇ ಮರದಲ್ಲಿ ಸಂಯೋಗವೂ ಅದರ ಅಭಾವವೂ ಜೊತೆಗಿರುತ್ತವೆ. ಹೀಗೆ ಆಶ್ರಯದ ಒಂದು ಪಾಲಿನಲ್ಲಷ್ಟೇ ಇರುವ ಗುಣಕ್ಕೆ ಅವರು ಅವ್ಯಾಪ್ಯವೃತ್ತಿ ಎಂದು ಹೆಸರಿಟ್ಟರು.

ಮಾತು ಭಾಗಗಳೇ ಇಲ್ಲದ್ದೆನ್ನುವ ಪರಮಾಣುವಿಗೆ ಬಂದಾಗ ತೊಡಕು ಎದ್ದಿತು. ಆರು ದಿಕ್ಕಿನಿಂದ ಆರು ಪರಮಾಣುಗಳು ಒಮ್ಮೆಗೇ ಬಂದು ಕೂಡಿದರೆ ನಡುವಿನದಕ್ಕೆ ಆರು ಭಾಗಗಳಿರಲೇಬೇಕು ಎಂದು ಬೌದ್ಧ ಚಿಂತಕ ವಸುಬಂಧು ವಿಂಶತಿಕಾದಲ್ಲಿ ವಾದಿಸಿದ. ಆರೂ ಒಂದೇ ಜಾಗದಲ್ಲಿ ಕೂಡುತ್ತವೆ ಎಂದರೆ ಇಡೀ ರಾಶಿ ಒಂದು ಪರಮಾಣುವಿನಷ್ಟೇ ಆಗಿಬಿಡುತ್ತದೆ. ಶಂಕರರೂ ಬ್ರಹ್ಮಸೂತ್ರ ಭಾಷ್ಯದಲ್ಲಿ ಪರಮಾಣುವಾದಿಗಳನ್ನು ಇದೇ ಇಕ್ಕಟ್ಟಿಗೆ ಸಿಕ್ಕಿಸಿದರು: ಪೂರ್ತಿ ಕೂಡಿದರೆ ಗಾತ್ರ ಬೆಳೆಯದು, ಭಾಗಶಃ ಕೂಡಿದರೆ ಪರಮಾಣು ನಿರವಯವವಾಗಿ ಉಳಿಯದು. ತರ್ಕ ಬಿಗಿಯಾಗಿದೆ. ಆದರೆ ಸಂಯೋಗಕ್ಕೆ ಪ್ರಮಾಣ ಉಂಟೇ, ಇದ್ದರೆ ಅದನ್ನು ಅಳೆಯುವುದು ಹೇಗೆ ಎಂಬ ಕಡೆಗೆ ಈ ವಾದ ಹೋಗಲಿಲ್ಲ.

ಆ ಪ್ರಶ್ನೆಗೆ ಉತ್ತರ ಬಂದದ್ದು ಲೋಹದ ಮೇಲ್ಮೈಗಳ ಅಧ್ಯಯನದಿಂದ. ಕನ್ನಡಿಯಂತೆ ನಯಗೊಳಿಸಿದ ಉಕ್ಕಿನ ಮೈಯಲ್ಲೂ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಅಂಥ ಎರಡು ಮೈಗಳನ್ನು ಒಂದರ ಮೇಲೊಂದು ಇಟ್ಟರೆ ಉಬ್ಬಿನ ತುದಿಗಳಷ್ಟೇ ತಾಗುತ್ತವೆ. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ 1939ರಲ್ಲಿ ಸಂಪರ್ಕದ ಮೂಲಕ ವಿದ್ಯುತ್ ಹರಿಸಿ, ನಿಜವಾಗಿ ತಾಗಿದ ಜಾಗ ಕಣ್ಣಿಗೆ ಕಾಣುವ ವಿಸ್ತೀರ್ಣದ ಅತಿ ಸಣ್ಣ ಪಾಲು ಎಂದು ತೋರಿಸಿದರು. ಸ್ಥೂಲವಾಗಿ, ಭಾರವನ್ನು ಲೋಹದ ಗಡಸುತನದಿಂದ ಭಾಗಿಸಿದರೆ ಈ ಜಾಗ ಸಿಗುತ್ತದೆ. ಗಡಸುತನ 1 ಗಿಗಾಪ್ಯಾಸ್ಕಲ್ ಇರುವ ಮೃದು ಉಕ್ಕಿನ 1 ಕಿಲೋ ತುಂಡು ಅಂಥದೇ ಹಲಗೆಯ ಮೇಲೆ ಕೂತಾಗ ನಿಜವಾಗಿ ತಾಗಿರುವುದು ಒಂದು ಚದರ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು. ತುಂಡಿನ ತಳ ಎಷ್ಟು ಅಗಲವಿದ್ದರೂ ಲೆಕ್ಕ ಇದೇ. ಕೋತಿ ಕೂತ ಕೊಂಬೆಯಾದರೂ ಕಣ್ಣಿಗೆ ಕಾಣುತ್ತದೆ; ಇಲ್ಲಿ ತಾಗಿದ ಬಿಂದುಗಳು ಕಾಣುವುದೇ ಇಲ್ಲ, ನೋಡಲೆಂದು ಎತ್ತಿದರೆ ಸಂಯೋಗವೇ ಅಳಿಯುತ್ತದೆ.

ಎತ್ತದೆಯೇ ತಿಳಿಯಲು ಶ್ರವಣಾತೀತ ಧ್ವನಿ ನೆರವಾಗುತ್ತದೆ. ಉಕ್ಕಿನಲ್ಲಿ ಸಾಗುವ ಅಲೆ ಗಾಳಿಯ ಸಂದಿಗೆ ಬಂದರೆ ಬಹುತೇಕ ಪೂರ್ತಿ ಹಿಂದಿರುಗುತ್ತದೆ; ತಾಗಿದ ಬಿಂದುಗಳಿದ್ದರೆ ಒಂದಷ್ಟು ಅತ್ತ ದಾಟುತ್ತದೆ. 10 ಮೆಗಾಹರ್ಟ್ಸ್ ಧ್ವನಿಯ ತರಂಗದೂರ ಉಕ್ಕಿನಲ್ಲಿ ಸುಮಾರು 0.6 ಮಿಲಿಮೀಟರ್. ಮೈಕ್ರೊಮೀಟರುಗಳಲ್ಲಿ ಅಳೆಯುವ ಉಬ್ಬುಗಳು ಅದಕ್ಕೆ ಒಂದೊಂದಾಗಿ ಗೋಚರಿಸುವುದಿಲ್ಲ. ಎಲ್ಲವೂ ಸೇರಿ ಎರಡು ಮೈಗಳ ನಡುವೆ ಹರಡಿದ ಒಂದೇ ಸ್ಪ್ರಿಂಗ್‌ನಂತೆ ವರ್ತಿಸುತ್ತವೆ. ಆ ಸ್ಪ್ರಿಂಗ್ ಎಷ್ಟು ಪೆಡಸೋ ಪ್ರತಿಧ್ವನಿ ಅಷ್ಟು ಕ್ಷೀಣ. 10 ಮೆಗಾಹರ್ಟ್ಸ್‌ನಲ್ಲಿ ಅಲೆಯ ಅರ್ಧ ಎತ್ತರ ಮಾತ್ರ ಹಿಂದಿರುಗಿದರೆ ಉಕ್ಕಿನ ಸಂಪರ್ಕದ ಪೆಡಸುತನ ಪ್ರತಿ ಮೈಕ್ರೊಮೀಟರಿಗೆ ಸುಮಾರು 2.5 ಗಿಗಾಪ್ಯಾಸ್ಕಲ್ ಎಂದು ಲೆಕ್ಕ ಬರುತ್ತದೆ. ಕೆಂಡಲ್ ಮತ್ತು ಟೇಬರ್ 1971ರಲ್ಲಿ ಈ ದಾರಿಯಲ್ಲಿ ನಿಂತ ಮೈಗಳನ್ನೂ ಜಾರುವ ಮೈಗಳನ್ನೂ ಪರೀಕ್ಷಿಸಿದರು.

ಇದು ಪ್ರತ್ಯಕ್ಷ ಜ್ಞಾನವಲ್ಲ. ಕಾರ್ಯದಿಂದ ಕಾರಣಕ್ಕೆ ಹೋಗುವ ಅನುಮಾನ. ನದಿ ಉಕ್ಕಿದ್ದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎನ್ನುವುದು ನ್ಯಾಯದರ್ಶನ ಕೊಡುವ ಇಂಥದೇ ಅನುಮಾನ. ಕೆಳಗೆ ಒಡ್ಡು ಕಟ್ಟಿದರೂ ನೀರು ಏರುತ್ತದಲ್ಲ ಎಂಬ ಆಕ್ಷೇಪವನ್ನೂ ನ್ಯಾಯಸೂತ್ರ ಎತ್ತಿಕೊಳ್ಳುತ್ತದೆ. ಬರಿಯ ಏರಿಕೆ ಹೇತುವಲ್ಲ, ಸೆಳೆತ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳೊಡನೆ ಬಂದ ಏರಿಕೆ ಹೇತು ಎಂಬುದು ಭಾಷ್ಯಕಾರ ವಾತ್ಸ್ಯಾಯನನ ಸಮಾಧಾನ. ಪ್ರತಿಧ್ವನಿಗೂ ಈ ಆಕ್ಷೇಪ ತಗಲುತ್ತದೆ. ಸಂದಿಯಲ್ಲಿ ಎಣ್ಣೆ ಕೂತಿದ್ದರೂ ಅದು ಕ್ಷೀಣಿಸುತ್ತದೆ. ಸಮಾಧಾನದ ಬಗೆಯೂ ಅದೇ, ಇನ್ನೊಂದು ಗುರುತು ಹುಡುಕುವುದು. ತೆಳು ಎಣ್ಣೆ ಅಡ್ಡಕ್ಕೆ ಕಂಪಿಸುವ ಅಲೆಯನ್ನು ದಾಟಿಸಲಾರದು, ತಾಗಿದ ಲೋಹ ದಾಟಿಸಬಲ್ಲದು. ಬೇರೆಬೇರೆ ಆವೃತ್ತಿಗಳಲ್ಲಿ ಅಳೆದಾಗಲೂ ಪೆಡಸುತನದ ಅಂಕಿ ಒಂದೇ ಬಂದರೆ ಸ್ಪ್ರಿಂಗ್‌ನ ಕಲ್ಪನೆಯೂ ನಿಲ್ಲುತ್ತದೆ.

ಇಷ್ಟಾದರೂ ಪೆಡಸುತನವನ್ನೇ ತಾಗಿದ ವಿಸ್ತೀರ್ಣ ಎಂದುಕೊಳ್ಳುವಂತಿಲ್ಲ. ಅವಸರದ ಬರಹಗಳಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ. ಒಂದು ದುಂಡು ಬಿಂದುವಿನ ಪೆಡಸುತನ ಅದರ ತ್ರಿಜ್ಯದೊಡನೆ ಬೆಳೆಯುತ್ತದೆ, ವಿಸ್ತೀರ್ಣ ತ್ರಿಜ್ಯದ ವರ್ಗದೊಡನೆ. ಒಂದೇ ವಿಸ್ತೀರ್ಣವನ್ನು ದೂರದೂರದ ನೂರು ಸಮ ಬಿಂದುಗಳಾಗಿ ಒಡೆದರೆ ಪೆಡಸುತನ ಹತ್ತು ಪಟ್ಟಾಗುತ್ತದೆ.

ಅಂಕಿಯ ಜೊತೆಗೆ ಭಾರದ ಚರಿತ್ರೆಯನ್ನೂ ದಾಖಲಿಸಬೇಕಾಗುತ್ತದೆ. ಮೊದಲ ಸಲ ಒತ್ತಿದಾಗ ಚಪ್ಪಟೆಯಾದ ಉಬ್ಬುಗಳು ಭಾರ ತೆಗೆದಾಗ ಹಿಂದಿನ ರೂಪಕ್ಕೆ ಪೂರ್ತಿ ಮರಳುವುದಿಲ್ಲ. ಹಾಗಾಗಿ ಅದೇ ಒತ್ತಡದಲ್ಲಿ, ಭಾರ ಏರಿಸುವಾಗ ಸಿಕ್ಕ ಪೆಡಸುತನಕ್ಕಿಂತ ಇಳಿಸುವಾಗ ಸಿಗುವುದು ಹೆಚ್ಚು.