ಒಂದೂಕಾಲು ಡಾಲರಿನ ಉಡುಗೊರೆ

ಶಾಲೆ ಮುಗಿಯುವ ಜೂನ್ ಹತ್ತಿರವಾದಾಗ ಅಮೆರಿಕದ ಡಾಲರ್ ಟ್ರೀ ಅಂಗಡಿಯಲ್ಲಿ ಟೀಚರುಗಳನ್ನು ಗುರುತು ಹಿಡಿಯುವುದು ಬಹಳ ಸುಲಭ. ಅವರ ಗಾಡಿಯಲ್ಲಿ ಯಾವ ಸಾಮಾನೂ ಒಂದೊಂದು ಇರುವುದಿಲ್ಲ, ಇಪ್ಪತ್ತನಾಲ್ಕು ಇರುತ್ತದೆ. ಇಪ್ಪತ್ತನಾಲ್ಕು ಸೋಪುಗುಳ್ಳೆಯ ಬಾಟಲಿ, ಇಲ್ಲವೇ ಇಪ್ಪತ್ತನಾಲ್ಕು ಗಾಳಿ ಚೆಂಡು, ಸ್ಕಿಪ್ಪಿಂಗ್ ಹಗ್ಗ, ಮನೆ ಮುಂದಿನ ಸಿಮೆಂಟಿನ ಮೇಲೆ ಚಿತ್ರ ಬಿಡಿಸುವ ದಪ್ಪ ಬಣ್ಣದ ಸೀಮೆಸುಣ್ಣ. ಒಂದು ಕಡಿಮೆ ಬಿದ್ದರೂ ಅಂಗಡಿಯ ಹುಡುಗನನ್ನು ಕರೆದು ಗೋದಾಮಿನಲ್ಲಿ ಇನ್ನೂ ಇದೆಯೇ ಎಂದು ವಿಚಾರಿಸುತ್ತಾರೆ. ಇಪ್ಪತ್ತಮೂರು ಮಕ್ಕಳಿಗೆ ನೀಲಿ ಚೆಂಡು ಕೊಟ್ಟು ಒಬ್ಬಳಿಗೆ ಮಾತ್ರ ಹಸಿರು ಕೊಟ್ಟರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

1986ರಲ್ಲಿ ಶುರುವಾದ ಈ ಅಂಗಡಿ, ಎಲ್ಲವೂ ಒಂದೇ ಡಾಲರ್ ಎಂಬ ಮಾತನ್ನು ಮೂವತ್ತೈದು ವರ್ಷ ಉಳಿಸಿಕೊಂಡು ಬಂತು. 2021ರ ಕೊನೆಯಲ್ಲಿ ಅದು ಒಂದೂಕಾಲು ಡಾಲರ್ ಆಯಿತು. ಕಾಫಿಗೆ ಐದಾರು ಡಾಲರ್ ಕೊಡುವ ನಮಗೆ ಆ ಕಾಲು ಡಾಲರ್ ಕಣ್ಣಿಗೆ ಬೀಳುವುದಿಲ್ಲ. ಒಂದು ತರಗತಿಯ ಲೆಕ್ಕದಲ್ಲಿ ಮಾತ್ರ 24 ಡಾಲರ್ ಹೋಗಿ 30 ಆಯಿತು. ಆ ದುಡ್ಡು ಬರುವುದು ಟೀಚರಿನ ಸ್ವಂತ ಪರ್ಸಿನಿಂದ.

ಇಲ್ಲಿನ ಕೇಂದ್ರ ಶಿಕ್ಷಣ ಇಲಾಖೆಯ ಅಂಕಿಅಂಶ ವಿಭಾಗ 2014-15ರ ಶಾಲಾ ವರ್ಷದ ಬಗ್ಗೆ ಸಾರ್ವಜನಿಕ ಶಾಲೆಗಳ ಶಿಕ್ಷಕರನ್ನು ಕೇಳಿತ್ತು. ನೂರರಲ್ಲಿ 94 ಮಂದಿ ತರಗತಿಗಾಗಿ ಕೈಯಿಂದ ಖರ್ಚು ಮಾಡಿದ್ದೇವೆ, ವಾಪಸು ಬಂದಿಲ್ಲ ಎಂದರು. ಹಾಗೆ ಖರ್ಚು ಮಾಡಿದವರ ಸರಾಸರಿ 479 ಡಾಲರ್. ಸರ್ಕಾರಕ್ಕೂ ಇದು ಗೊತ್ತು. 2002ರಿಂದ ಶಿಕ್ಷಕರು ಇಂಥ ಖರ್ಚಿನಲ್ಲಿ 250 ಡಾಲರನ್ನು ಆದಾಯದಿಂದ ಕಳೆದು ತೋರಿಸಬಹುದಿತ್ತು. 2022ರಲ್ಲಿ ಅದನ್ನು 300ಕ್ಕೆ ಏರಿಸಿದರು. ಕಳೆಯುವುದು ಆದಾಯದಿಂದ, ತೆರಿಗೆಯಿಂದಲ್ಲ ಎಂಬುದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಶೇಕಡಾ 22 ತೆರಿಗೆ ಕಟ್ಟುವ ಟೀಚರಿಗೆ ಆ 300ರಿಂದ ಕೊನೆಗೆ ಉಳಿಯುವುದು 66 ಡಾಲರ್. ಪೆನ್ಸಿಲ್, ಟಿಶ್ಯೂ ಪೇಪರ್, ಗೋಡೆಗೆ ಅಂಟಿಸುವ ಚಾರ್ಟು ಎಲ್ಲಕ್ಕೂ ತೆತ್ತು, ವರ್ಷದ ಕೊನೆಯಲ್ಲಿ ಯಾರೂ ಕೇಳದಿದ್ದರೂ ಮತ್ತೊಂದು ಮೂವತ್ತು ಡಾಲರ್ ತೆಗೆದು ಈ ಗಾಡಿ ತಳ್ಳುತ್ತಿರುತ್ತಾರೆ.

ಅಗ್ಗದ ಉಡುಗೊರೆಯ ಹಿಂದೆಯೂ ಯೋಚನೆ ಬೇಕು. ಕಡೆಯ ದಿನದ ಕಡೆಯ ಹತ್ತು ನಿಮಿಷಕ್ಕೆ ಮುಂಚೆ ಅದನ್ನು ಕೈಗೆ ಕೊಡುವಂತಿಲ್ಲ. ಕೊಟ್ಟರೆ ಸೋಪುನೀರು ನೆಲದ ಮೇಲಿರುತ್ತದೆ. ಪೀಪಿ, ಸೀಟಿ ಕೊಟ್ಟ ಟೀಚರನ್ನು ಸ್ಕೂಲ್ ಬಸ್ಸಿನ ಡ್ರೈವರ್ ಮುಂದಿನ ಸೆಪ್ಟೆಂಬರ್‌ವರೆಗೂ ಕ್ಷಮಿಸುವುದಿಲ್ಲ. ಬಲೂನಿನ ಲೇಟೆಕ್ಸ್ ಕೆಲವರಿಗೆ ಆಗುವುದಿಲ್ಲ. ಪ್ಲೇ-ಡೋ ಹಿಟ್ಟಿನಲ್ಲಿ ಗೋಧಿ ಇರುತ್ತದೆ. ತಿನ್ನುವುದಂತೂ ಮುಗಿದ ಕಥೆ. ಅಮೆರಿಕದ ಆಹಾರದ ಪೊಟ್ಟಣಗಳ ಮೇಲೆ ಹೆಸರು ನಮೂದಿಸಲೇಬೇಕಾದ ಅಲರ್ಜಿ ಪದಾರ್ಥಗಳು ಮೊದಲು ಎಂಟಿದ್ದವು, 2023ರ ಜನವರಿಯಿಂದ ಎಳ್ಳೂ ಸೇರಿ ಒಂಬತ್ತಾದವು. ಕಡಲೆಕಾಯಿ ಮೊದಲಿನಿಂದಲೂ ಪಟ್ಟಿಯಲ್ಲಿದೆ. ಅಂದರೆ ಅಲರ್ಜಿಗೆ ಹೆದರುವ ಶಾಲೆಗಳಲ್ಲಿ ನಮ್ಮ ಚಿಕ್ಕಿ, ನಮ್ಮ ಎಳ್ಳುಂಡೆ, ಸಂಕ್ರಾಂತಿಯ ಎಳ್ಳುಬೆಲ್ಲ ಮೂರೂ ತರಗತಿಯ ಬಾಗಿಲ ಹೊರಗೆ. ಭಾನುವಾರ ಬಾಡಿಗೆಗೆ ಹಿಡಿದ ಶಾಲೆಯ ಕೋಣೆಯಲ್ಲಿ ಕನ್ನಡ ಕಲಿಸುವವರೆಲ್ಲ ಈ ಪೇಚಿನಲ್ಲಿ ಒಮ್ಮೆಯಾದರೂ ಸಿಕ್ಕಿಕೊಂಡವರೇ. ಎಳ್ಳು ತಿಂದು ಒಳ್ಳೆ ಮಾತಾಡು ಎಂದು ಪಾಠ ಮಾಡಿ, ಎಳ್ಳನ್ನು ಮಾತ್ರ ಪಾರ್ಕಿಂಗ್ ಜಾಗದಲ್ಲಿ ಅಪ್ಪ ಅಮ್ಮನ ಕೈಗೆ ಕೊಡಬೇಕು.

ಕರ್ನಾಟಕದಲ್ಲಿ ನನ್ನ ತಲೆಮಾರು ಓದುವಾಗ ವರ್ಷದ ಕೊನೆ ಎಂದರೆ ಏಪ್ರಿಲ್ 10. ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು, ಪಾಸಾ ಫೇಲಾ ಎಂಬ ಒಂದೇ ಪ್ರಶ್ನೆ. ಅವತ್ತು ಕೊಡುತ್ತಿದ್ದವರು ಮಕ್ಕಳು: ಪಾಸಾದವರು ಪೆಪ್ಪರ್‌ಮಿಂಟೋ ಪೇಡವೋ ಹಿಡಿದು ಸ್ಟಾಫ್ ರೂಮಿಗೆ ಹೋಗಿ ಮೇಷ್ಟರ ಕಾಲಿಗೆ ಬೀಳುತ್ತಿದ್ದರು. ಮೇಷ್ಟರ ಕಡೆಯಿಂದ ಬರುತ್ತಿದ್ದುದು ಆಶೀರ್ವಾದ, ಮತ್ತು ಮುಂದಿನ ಕ್ಲಾಸಿನಲ್ಲಿ ಗಣಿತ ಸರಿಯಾಗಿ ಮಾಡು ಎಂಬ ಎಚ್ಚರಿಕೆ. ವಸ್ತು ಎಂದು ಏನಾದರೂ ಕೈಗೆ ಬಂದರೆ ಅದು ಏಳನೆಯ ಅಥವಾ ಹತ್ತನೆಯ ತರಗತಿಯ ಬೀಳ್ಕೊಡುಗೆಯಲ್ಲಿ, ಪರೀಕ್ಷೆಗೆ ಉಪಯೋಗವಾಗಲಿ ಎಂದು ಕೊಟ್ಟ ಒಂದು ಪೆನ್ನು. ಸಂಬಳ ಸಾಲದ ಕಾಲದಲ್ಲೂ ಹತ್ತನೆಯವರೆಲ್ಲರಿಗೂ ಪೆನ್ನು ಹಂಚಿದ ಮೇಷ್ಟರುಗಳು ಇದ್ದರು. ಅವರನ್ನು ಊರು ನೆನಪಿಟ್ಟುಕೊಂಡಿದೆ.

ಉಳಿದದ್ದೆಲ್ಲ ಬಹುಮಾನ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಓಟಕ್ಕೆ ಸ್ಟೀಲ್ ಲೋಟ, ಪ್ರಬಂಧಕ್ಕೆ ಪುಸ್ತಕ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದವರು ತಂದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ಎಷ್ಟು ಮನೆಗಳಿಗೆ ಹೀಗೆ ಬಹುಮಾನವಾಗಿ ಬಂದವೋ. ಒಂದೇ ಪಟ್ಟಿಗೆ ಓದಿ ಮುಗಿಯುವಷ್ಟು ಪುಟ, ಯಾರಾದರೂ ಮಹನೀಯರ ಜೀವನ, ಒಳಪುಟದಲ್ಲಿ ಶಾಲೆಯ ಮೊಹರು ಮತ್ತು ಮುಖ್ಯೋಪಾಧ್ಯಾಯರ ಓರೆ ಸಹಿ. ಕೊಳ್ಳುವವರಿಗೆ ಬೆಲೆ ಹಗುರ, ಗೆದ್ದವರಿಗೆ ಅದೇ ಮೊದಲ ಸ್ವಂತ ಪುಸ್ತಕ. ಆದರೆ ಹಿಂದಿನ ಬೆಂಚಿನವನಿಗೆ ಏನೂ ಸಿಗುತ್ತಿರಲಿಲ್ಲ. ವರ್ಷವಿಡೀ ಮೇಷ್ಟರ ಮುಂದೆ ಕೂತಿದ್ದವನೇ ಅವನೂ. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದ.

ಅಮೆರಿಕದ ಪ್ರೈಮರಿ ಟೀಚರ್ ಈ ಒಂದು ವಿಷಯದಲ್ಲಿ ನಮ್ಮವರಿಗಿಂತ ಉದಾರಿ ಎಂದು ನನ್ನ ಅಭಿಪ್ರಾಯ. ಅವಳ ಸೋಪುಗುಳ್ಳೆಯ ಬಾಟಲಿ ಓದುವವನಿಗೂ ಬಂತು, ಓದದವನಿಗೂ ಬಂತು, ಮಾರ್ಚ್‌ನಲ್ಲಿ ಕುರ್ಚಿ ಎಸೆದವನಿಗೂ ಬಂತು. ಒಂದನೆಯ ಕ್ಲಾಸಿನಲ್ಲಿ ನನ್ನ ಜೊತೆ ಇದ್ದೆಯಲ್ಲ, ಅಷ್ಟು ಸಾಕು ಎಂದು ಕೊಡುವ ಉಡುಗೊರೆ ಅದು. ದೋಷ ಇರುವುದು ಇನ್ನೊಂದು ಕಡೆ. ಇಪ್ಪತ್ತನಾಲ್ಕೂ ಒಂದೇ ಥರ, ಹೆಚ್ಚಿನವು ಪ್ಲಾಸ್ಟಿಕ್, ಮೇಲೊಂದು ಇಂಟರ್‌ನೆಟ್ಟಿನಿಂದ ಇಳಿಸಿದ ಚೀಟಿ. ಚೆಂಡಿಗೆ ‘ಹ್ಯಾವ್ ಎ ಬಾಲ್’, ತಂಪು ಕನ್ನಡಕಕ್ಕೆ ‘ಯುವರ್ ಫ್ಯೂಚರ್ ಈಸ್ ಬ್ರೈಟ್’. ಜುಲೈ ನಾಲ್ಕರ ಪಟಾಕಿಯ ಹೊತ್ತಿಗೆ ಚೆಂಡು ತೂತು, ಕನ್ನಡಕದ ಕಾಲು ಮುರುಕು. ಇದನ್ನು ಟೀಚರುಗಳೇ ನಮಗಿಂತ ಚೆನ್ನಾಗಿ ಬಲ್ಲರು. ಅದಕ್ಕೇ ಅವರಲ್ಲಿ ಅನೇಕರು ನಿಧಾನವಾಗಿ ಪುಸ್ತಕದ ಕಡೆ ಹೊರಳಿದ್ದಾರೆ.

ಒಂದು ಡಾಲರಿಗೆ ಪುಸ್ತಕ ಎಲ್ಲಿ ಬರುತ್ತದೆ ಎಂದರೆ, ನಿಮ್ಮ ಮಕ್ಕಳ ಬ್ಯಾಗಿನಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ತೆಳು ಕಾಗದದ ಸ್ಕೊಲಾಸ್ಟಿಕ್ ಪ್ರಕಾಶನದ ಪಟ್ಟಿಯನ್ನು ನೆನಪಿಸಿಕೊಳ್ಳಿ. 1948ರಿಂದ ನಡೆಯುತ್ತಿರುವ ಪುಸ್ತಕ ಕ್ಲಬ್ ಅದು. ನಾವು ಮಗುವಿಗೆಂದು ಪುಸ್ತಕ ತರಿಸಿದಾಗ ಟೀಚರ್ ಖಾತೆಗೆ ಅಂಕಗಳು ಬೀಳುತ್ತವೆ, ಆ ಅಂಕಗಳಿಗೆ ಪ್ರತಿಯಾಗಿ ಅವರು ಪುಸ್ತಕ ತೆಗೆದುಕೊಳ್ಳಬಹುದು. ಸೆಪ್ಟೆಂಬರ್‌ನಿಂದ ಕೂಡಿಟ್ಟ ಅಂಕಗಳೇ ಜೂನ್‌ನಲ್ಲಿ ಇಡೀ ಕ್ಲಾಸಿಗೆ ಒಂದೊಂದು ಪುಸ್ತಕವಾಗುವುದುಂಟು. ಆ ಪಟ್ಟಿಯನ್ನು ಓದದೆ ಕಸದ ಬುಟ್ಟಿಗೆ ಹಾಕಿದ ಮನೆಗಳು ನಮ್ಮವರಲ್ಲಿ ಬಹಳ. ಲೈಬ್ರರಿ ಪುಕ್ಕಟೆ ಇರುವಾಗ ಕೊಳ್ಳುವುದೇಕೆ ಎಂಬ ನಮ್ಮ ತರ್ಕ ಸರಿಯಾದದ್ದೇ. ನಾವು ಕೊಂಡ ಪುಸ್ತಕಗಳಿಂದ ಕ್ಲಾಸಿನ ಇನ್ನೊಂದು ಮಗುವಿಗೂ ಪುಸ್ತಕ ಹೋಗಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಪುಸ್ತಕ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಧಾರವೂ ಇದೆ. ರಿಚರ್ಡ್ ಆಲಿಂಗ್‌ಟನ್, ಆನ್ ಮೆಕ್‌ಗಿಲ್-ಫ್ರಾಂಜೆನ್ ಮತ್ತು ಸಂಗಡಿಗರು ಫ್ಲಾರಿಡಾದ ಬಡ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿ 2010ರಲ್ಲಿ ಪ್ರಕಟಿಸಿದರು. ಮೂರು ಬೇಸಿಗೆ, ಪ್ರತಿ ಬೇಸಿಗೆಗೂ ಮಗುವಿಗೆ 12 ಪುಸ್ತಕ. ಪಾಠವಿಲ್ಲ, ಹೋಂವರ್ಕ್ ಇಲ್ಲ. ಪುಸ್ತಕ ಸಿಕ್ಕ ಮಕ್ಕಳು ಓದಿನ ಪರೀಕ್ಷೆಯಲ್ಲಿ ಸಿಗದವರಿಗಿಂತ ಮುಂದೆ ಬಂದರು, ಕಡುಬಡವರ ಮಕ್ಕಳಿಗೆ ಹೆಚ್ಚು ಲಾಭವಾಯಿತು. ನನಗೆ ಬೆಲೆಯುಳ್ಳದ್ದೆನಿಸಿದ್ದು ಇನ್ನೊಂದು ವಿವರ. ಆ ಪುಸ್ತಕಗಳನ್ನು ದೊಡ್ಡವರು ಹಂಚಲಿಲ್ಲ. ಸಂತೆಯಲ್ಲಿ ತರಕಾರಿ ಆರಿಸುವಂತೆ ಮಕ್ಕಳೇ ಮೇಜುಗಳ ನಡುವೆ ಓಡಾಡಿ ತಮಗೆ ಬೇಕಾದ್ದನ್ನು ಹೆಕ್ಕಿಕೊಂಡರು. ಪ್ರಶಸ್ತಿ ಬಂದ ಶ್ರೇಷ್ಠ ಪುಸ್ತಕಗಳನ್ನು ಬಿಟ್ಟು ಪಾಪ್ ಗಾಯಕಿಯರ, ಟಿವಿ ನಟರ ಜೀವನವೃತ್ತಾಂತಕ್ಕೆ ಕೈಹಾಕಿದವರೂ ಇದ್ದರು. ಹಾಕಲಿ. ಓದಿದರಲ್ಲ.

ಈಗ ನಮ್ಮ ಮನೆಯೊಳಗಿನ ಮಾತು. ನಾವು ನಡೆಸುವ ಕನ್ನಡ ಶಾಲೆಗಳಲ್ಲಿ ಕಲಿಸುವವರಿಗೆ ಸಂಬಳವಿಲ್ಲ. ವಾರವೆಲ್ಲ ಆಫೀಸು, ಭಾನುವಾರ ಬೆಳಗ್ಗೆ ಕಾಗುಣಿತ. ವರ್ಷದ ಕೊನೆಗೆ ಈ ಮಕ್ಕಳಿಗೆ ನಾವು ಕೊಡುವುದೇನು? ಟ್ರೋಫಿ. ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಕಪ್, ಬುಡದಲ್ಲಿ ಸಂಘದ ಹೆಸರು. ಗೆದ್ದವರಿಗೆ ಮಾತ್ರ ಎಂಬ ಊರಿನ ಬಹುಮಾನದ ಆಕಾರ, ಎಲ್ಲರಿಗೂ ಒಂದೇ ಥರ ಎಂಬ ಇಲ್ಲಿನ ಉಡುಗೊರೆಯ ಏಕತಾನ, ಎರಡರ ಅವಗುಣವನ್ನೂ ಆರಿಸಿ ಜೋಡಿಸಿದ್ದೇವೆ. ಯಾವುದರಲ್ಲಿ ಗೆದ್ದೆ ಎಂದು ಕೇಳಿದರೆ ಮಗುವಿಗೆ ಉತ್ತರ ಗೊತ್ತಿಲ್ಲ. ಮೇಲಾಗಿ ಅದರ ಬೆಲೆ ಒಂದೂಕಾಲು ಡಾಲರಿಗಿಂತ ಹೆಚ್ಚು. ಈಜು, ಸಾಕರ್, ಸ್ಪೆಲ್ಲಿಂಗ್ ಬೀ ಟ್ರೋಫಿಗಳ ಸಾಲಿನ ಹಿಂದೆ ಅದು ನಿಲ್ಲುತ್ತದೆ. ಮನೆ ಬದಲಾಯಿಸುವಾಗ ಮೊದಲು ಹೋಗುವುದೂ ಅದೇ.

ಟ್ರೋಫಿಯ ದುಡ್ಡಿನಲ್ಲಿ ಏನೇನು ಬರುತ್ತದೆ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳಿಗಾಗಿ ಅಗ್ಗದ ಪುಸ್ತಕ ತರುತ್ತಿದೆ, ಕನ್ನಡದಲ್ಲಿ ಧಾರಾಳವಾಗಿ. 2015ರಲ್ಲಿ ಅವರು ತೆರೆದ ಸ್ಟೋರಿವೀವರ್ ತಾಣದ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಅಚ್ಚು ಹಾಕಬಹುದು, ಅಪ್ಪಣೆ ಬೇಡ, ಕಾಸೂ ಬೇಡ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಗೇ ಉಳಿಸಿಕೊಂಡರೆ ಸಾಕು. ಕಥೆಗಳನ್ನು ನಾಲ್ಕು ಹಂತದಲ್ಲಿ ಜೋಡಿಸಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೊಂದೆರಡು ವಾಕ್ಯ, ನಮ್ಮ ಎರಡನೆಯ ವರ್ಷದ ಮಕ್ಕಳು ಬೆರಳಿಟ್ಟು ಓದಿಬಿಡುತ್ತಾರೆ. ಕಲರ್ ಪ್ರಿಂಟರ್ ಇರುವ ನಾಲ್ಕು ಮನೆ, ಉದ್ದ ಮೂತಿಯ ಒಂದು ಸ್ಟೇಪ್ಲರ್ ಇದ್ದರೆ ಒಂದು ಶನಿವಾರ ಸಂಜೆಗೆ ಮೂವತ್ತು ಬಗೆಯ ಪುಸ್ತಕ ಸಿದ್ಧ. ಮೂವತ್ತು ಪ್ರತಿ ಎಂದು ನಾನು ಹೇಳುತ್ತಿಲ್ಲ, ಮೂವತ್ತು ಬಗೆ. ಮೇಜಿನ ಮೇಲೆ ಹರಡಿ, ಆರಿಸಿಕೊಳ್ಳಲು ಬಿಡಿ. ಆನೆಯ ಕಥೆಗೆ ಇಬ್ಬರು ಜಗಳವಾಡಿದರೆ ಅದಕ್ಕಿಂತ ಶುಭಸೂಚನೆ ಕನ್ನಡ ಶಾಲೆಗೆ ಬೇರೆ ಬೇಕೇ? ದೊಡ್ಡ ಮಕ್ಕಳು ಅದೇ ತಾಣದಲ್ಲಿ ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತಂದು, ಮುಂದಿನ ವರ್ಷ ಚಿಕ್ಕವರ ಮೇಜಿಗೆ ತಮ್ಮದೇ ಪುಸ್ತಕ ಇಡಬಹುದು.

ವಸ್ತುವೇ ಬೇಕು ಎನ್ನುವವರಿಗೆ ಚನ್ನಪಟ್ಟಣದ ಬುಗುರಿಗಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ. ಹಾಲೆಮರದ ಹಗುರ ಕಟ್ಟಿಗೆ, ಕಡೆಯುತ್ತಿರುವಾಗಲೇ ಹಚ್ಚಿದ ಅರಗಿನ ಬಣ್ಣ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕರ್ನಾಟಕದ ಕಸುಬು. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಸೀರೆಗಳ ಸಂದಿಯಲ್ಲಿ ಒಂದು ತರಗತಿಗಾಗುವಷ್ಟು ಬುಗುರಿ ಕೂತುಕೊಳ್ಳುತ್ತವೆ. ಬ್ಯಾಟರಿ ಬೇಡ, ಎಳ್ಳಿಲ್ಲ, ಕಡಲೆಕಾಯಿಯೂ ಇಲ್ಲ. ತೀರಾ ಎಳೆಯ ತಮ್ಮ ತಂಗಿಯರಿರುವ ಮನೆಗೆ ದೊಡ್ಡ ಬುಗುರಿಯನ್ನೇ ಆರಿಸಿ.

ಇವೆಲ್ಲಕ್ಕಿಂತ ಅಗ್ಗದ್ದು, ಕೊಡುವವರಿಗೆ ಎಲ್ಲಕ್ಕಿಂತ ದುಬಾರಿಯಾದದ್ದು ಒಂದಿದೆ: ಮಗುವಿನ ಹೆಸರಿಗೆ ಬರೆದ ಕಾಗದ. ಇಲ್ಲಿನ ಎಷ್ಟೋ ಟೀಚರುಗಳು ಇದನ್ನು ಬರೆಯುತ್ತಾರೆ. ನಾವೂ ಬರೆಯಬಹುದು, ಕನ್ನಡದಲ್ಲಿ, ನಾಲ್ಕೇ ಸಾಲು, ಮಗು ಕಲಿತ ಅಕ್ಷರಗಳಷ್ಟರಲ್ಲೇ. ‘ಕ್ಷ ಬರೆಯುವಾಗ ನೀನು ನಾಲಿಗೆ ಹೊರಗೆ ಚಾಚುತ್ತೀಯ. ಆದರೂ ನಿನ್ನ ಕ್ಷ ಚೆಂದ.’ ಇಷ್ಟಿದ್ದರೆ ಸಾಕು. ನೀನು ಒಳ್ಳೆಯ ವಿದ್ಯಾರ್ಥಿ, ನಿನ್ನ ಭವಿಷ್ಯ ಉಜ್ವಲವಾಗಲಿ ಎಂದು ಬರೆಯುವುದಾದರೆ ದಯವಿಟ್ಟು ಟ್ರೋಫಿಯನ್ನೇ ಕೊಟ್ಟುಬಿಡಿ. ಕಾಗದ ಬರೆಯಲು ಮಗುವನ್ನು ವರ್ಷವಿಡೀ ನೋಡಿರಬೇಕು, ಕಷ್ಟವಿರುವುದೇ ಅಲ್ಲಿ. ಬರೆಯಲು ಕೂತು ಯಾವುದೋ ಒಂದು ಹೆಸರಿನ ಮುಂದೆ ಪೆನ್ನು ನಿಂತಿತೆಂದರೆ, ಆ ಮಗು ನಮ್ಮ ಕ್ಲಾಸಿನಲ್ಲಿ ಹತ್ತು ತಿಂಗಳು ಮೂಲೆಯಲ್ಲೇ ಕೂತಿತ್ತೆಂದು ತಿಳಿಯುತ್ತದೆ. ಊರಿನಲ್ಲಿರುವ ಅಜ್ಜಿಗೆ ವಾಟ್ಸಾಪಿನಲ್ಲಿ ಆ ಕಾಗದವನ್ನು ಓದಿ ಹೇಳುವುದು ಮಗುವಿಗೆ ಬೇಸಿಗೆಯ ಮೊದಲ ಹೋಂವರ್ಕು. ಅಜ್ಜಿ ತಿದ್ದುತ್ತಾರೆ, ಪಾಠ ಪುಕ್ಕಟೆ.

ಟ್ರೋಫಿ ಇಲ್ಲದಿದ್ದರೆ ವೇದಿಕೆಯ ಫೋಟೋ ಹೇಗೆ ಎಂದು ನಮ್ಮ ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಕ್ಕಳು ತಾವು ಆರಿಸಿದ ಪುಸ್ತಕವನ್ನು ಎದೆಯ ಮುಂದೆ ಹಿಡಿದು ನಿಲ್ಲಲಿ. ಮೂವತ್ತು ಬಗೆಯ ಮುಖಪುಟ, ಫೋಟೋಕ್ಕೆ ಬಣ್ಣವೂ ಬರುತ್ತದೆ. ಟ್ರೋಫಿ ಅಂಗಡಿಗೆ ಆರ್ಡರ್ ಹೋಗುವುದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಯುಗಾದಿಯ ಸಭೆಯಲ್ಲೇ ಈ ವಿಷಯ ಎತ್ತಿದರೆ ಪ್ರಿಂಟರಿನ ಇಂಕು ತರಿಸಲು ಸಮಯ ಸಿಗುತ್ತದೆ.